ಹದಿನಾಲ್ಕನೇ ನಂಬರಿನ ಗಾಜಿನ ಕೋಣೆ

ಸ್ಪಾಲ್ಡಿಂಗ್ ಊರಿನ ವಿಲೋ ರಸ್ತೆಯ ಹದಿನಾಲ್ಕನೇ ನಂಬರಿನ ಮನೆಯ ಹಿಂಬದಿಗೆ ಯಾವ ಮಾದರಿಯ ಗಾಜಿನ ಕೋಣೆ ಒಪ್ಪುತ್ತದೆ ಎಂಬುದು ಸಣ್ಣ ವಿಷಯವಲ್ಲ. ದೇಶಗಳ ನಡುವೆ ಗಡಿ ಎಳೆಯಲು ಕೂತವರು ಇದಕ್ಕಿಂತ ಕಡಿಮೆ ಹೊತ್ತಿನಲ್ಲಿ ಎಳೆದು ಮುಗಿಸಿ ಊಟಕ್ಕೆ ಎದ್ದದ್ದುಂಟು. ಕ್ಲೆಮೆಂಟ್ ಮಾವರ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಫೆಬ್ರವರಿಯ ಎರಡನೇ ವಾರ. ಅದು ತೀರ್ಮಾನವಾದದ್ದು ಮೇ ತಿಂಗಳಿನಲ್ಲಿ. ನಡುವೆ ನಾಲ್ಕು ಬಣ್ಣದ ಪುಸ್ತಿಕೆಗಳು, ಒಂದು ಉಂಡೆ ಹಸಿರು ದಾರ, ಒಂದು ಸರ್ಕಾರಿ ನಮೂನೆ ಮತ್ತು ಹತ್ತೊಂಬತ್ತು ದಿನಗಳ ಮೌನ ಖರ್ಚಾದವು.

ಕ್ಲೆಮೆಂಟನಿಗೆ ಎಪ್ಪತ್ತಮೂರು ವರ್ಷ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಆ ಸೀಮೆಯ ಕಾಲುವೆಗಳಲ್ಲಿ ನೀರು ಎಷ್ಟು ನಿಂತಿದೆ ಎಂದು ಅಳತೆಪಟ್ಟಿ ನೋಡಿ ಬರೆದುಕೊಳ್ಳುವುದು ಅವನ ಕೆಲಸವಾಗಿತ್ತು. ಮೂವತ್ತೆಂಟು ವರ್ಷ ಅದನ್ನೇ ಮಾಡಿದ. ಅಂಥ ಕೆಲಸ ಮಾಡಿದವನಿಗೆ ಎರಡು ಗುಣ ಬರುತ್ತವೆ. ಒಂದು, ಯಾವುದಕ್ಕೂ ಅವಸರವಿರುವುದಿಲ್ಲ. ಇನ್ನೊಂದು, ನಿಂತ ನೀರನ್ನು ನೋಡುತ್ತ ನೋಡುತ್ತ ಎಚ್ಚರವಿದ್ದೇ ಕನಸು ಕಾಣುವುದು ರೂಢಿಯಾಗುತ್ತದೆ. ಹೆಂಡತಿ ಡೋರೀನ್ ತೀರಿಕೊಂಡು ಆರು ವರ್ಷವಾಗಿತ್ತು.

ಆ ರಸ್ತೆಯಲ್ಲಿ ಮನೆಗಳು ಜೋಡಿಯಾಗಿಯೇ ಹುಟ್ಟಿವೆ. ಎರಡು ಮನೆಗೆ ನಡುವೆ ಒಂದೇ ಗೋಡೆ. ಇದರ ಮೆಟ್ಟಿಲು ಬಲಕ್ಕಿದ್ದರೆ ಅದರದು ಎಡಕ್ಕೆ, ಒಂದು ಮನೆ ಕನ್ನಡಿ ನೋಡಿಕೊಂಡಂತೆ. ಹದಿನಾಲ್ಕರ ಜೋಡಿ ಹದಿನಾರು. ಅಲ್ಲಿದ್ದವಳು ಥೆಲ್ಮಾ ಗಾಂಟ್, ಅರವತ್ತೊಂಬತ್ತರ ವಿಧವೆ, ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ದಿನಾ ಬೇಯಿಸಿ ಹಾಕಿ ನಿವೃತ್ತಳಾದವಳು. ಇಪ್ಪತ್ತಾರು ವರ್ಷ ಪಕ್ಕದಲ್ಲಿದ್ದರೂ ಕ್ಲೆಮೆಂಟ್ ಆ ಮನೆಯೊಳಗೆ ಕಾಲಿಟ್ಟವನಲ್ಲ. ಆದರೆ ಕಣ್ಣು ಕಟ್ಟಿ ಬಿಟ್ಟರೂ ಅಲ್ಲಿ ನಡೆದಾಡಬಲ್ಲವನಾಗಿದ್ದ. ತನ್ನ ಮನೆಯನ್ನೇ ಎಡಬಲ ಮಾಡಿಕೊಂಡರೆ ಆಯಿತಲ್ಲ.

ಡೋರೀನ್‌ಳನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ನಾಲ್ಕು ಗಂಟೆಗೆ ಥೆಲ್ಮಾ ಹಿತ್ತಲ ಬೇಲಿಯ ಮೇಲಿಂದ ಒಂದು ಕಪ್ಪು ಟೀ ಚಾಚಿದಳು. ನೀಲಿ ಅಂಚಿನ ಕಪ್ಪು, ಸಾಸರು, ಸಾಸರಿನ ಮೇಲೆ ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡಿನ ಒಂದು ಹೋಳು. "ಹೆಚ್ಚಿಗೆ ಮಾಡ್ಬಿಟ್ಟೆ" ಅಂದಳು. ಮರುದಿನವೂ ಹೆಚ್ಚಿಗೆ ಮಾಡಿದ್ದಳು. ಆರು ವರ್ಷದಿಂದ ಆಕೆ ದಿನಾ ನಾಲ್ಕು ಗಂಟೆಗೆ ಹೆಚ್ಚಿಗೆ ಮಾಡುತ್ತಿದ್ದಾಳೆ. ಬೇಲಿಯ ಕಂಬವೊಂದರ ನೆತ್ತಿ ಚಪ್ಪಟೆಯಾಗಿದೆ. ಅದರ ಮೇಲೆ ಸಾಸರು ಕೂತು ಕೂತು ಮರದಲ್ಲಿ ಒಂದು ಉಂಗುರ ಮೂಡಿದೆ. ಆ ಕಂಬದ ಆಚೀಚೆ ನಿಂತು ಇಬ್ಬರೂ ಅರ್ಧ ಗಂಟೆ ಮಾತಾಡುತ್ತಾರೆ: ಬಟಾಣಿಗೆ ಹತ್ತಿದ ಹುಳು, ಪಾದ್ರಿಯ ಹೊಸ ಹಲ್ಲು, ಹನ್ನೊಂದನೇ ನಂಬರಿನವರು ಸರದಿಯಲ್ಲದ ವಾರ ಕಸದ ತೊಟ್ಟಿ ಹೊರಗಿಟ್ಟದ್ದು.

ಇದಕ್ಕೆ ಒಂದು ಕಟ್ಟುಪಾಡಿತ್ತು. ಅಕ್ಟೋಬರಿನ ಕೊನೆಯ ಭಾನುವಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ನಾಲ್ಕು ಗಂಟೆಗೇ ಮಬ್ಬು. ಬೇಲಿಯ ಬಳಿ ನಿಲ್ಲುವ ಹಾಗಿಲ್ಲ. "ಸರಿ, ಮಾರ್ಚಿಗೆ ಸಿಗೋಣ" ಎಂದು ಥೆಲ್ಮಾ ಖಾಲಿ ಕಪ್ಪು ಇಸಿದುಕೊಂಡು ಹೋಗುತ್ತಾಳೆ, ಹಡಗು ಹತ್ತುವವಳಂತೆ. ಆಮೇಲೆ ಐದು ತಿಂಗಳು ಕ್ಲೆಮೆಂಟನಿಗೆ ಸಿಗುವುದು ಗೋಡೆ ದಾಟಿ ಬರುವ ಸದ್ದುಗಳು ಮಾತ್ರ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವಳ ಕೆಟಲ್ಲು ಕುದಿಯುತ್ತದೆ. ಕುರ್ಚಿ ಎಳೆದ ಸದ್ದು. ಒಂದು ಕೆಮ್ಮು. ಅವನೂ ತನ್ನ ಕೆಟಲ್ಲು ಹಚ್ಚುತ್ತಾನೆ, ಅದೂ ಆಚೆಗೆ ಕೇಳಿಸಲಿ ಎಂದು ತುಸು ಜೋರಾಗಿ ಮುಚ್ಚಳ ಬಡಿದು.

ಕರೆದು ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಡಬಾರದಿತ್ತೇ ಎಂದು ನೀವು ಕೇಳಬಹುದು. ವಿಲೋ ರಸ್ತೆಯಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಅಲ್ಲಿ ಪಕ್ಕದವರ ಮನೆಯೊಳಗೆ ಹೋಗಲು ಕಾರಣ ಬೇಕು. ಬೆಂಕಿ ಒಂದು ಕಾರಣ. ಸಾವು ಇನ್ನೊಂದು. ಮೂರನೆಯದನ್ನು ಕ್ಲೆಮೆಂಟ್ ಕಂಡುಕೊಂಡದ್ದು ಆ ಫೆಬ್ರವರಿಯಲ್ಲಿ, ಇಪ್ಪತ್ತೆರಡನೇ ನಂಬರಿನವರು ಗಾಜಿನ ಕೋಣೆ ಕಟ್ಟಿಸಿದಾಗ. ಹೊಸ ಗಾಜಿನ ಕೋಣೆಯನ್ನು ನೆರೆಯವರಿಗೆ ತೋರಿಸಲೇಬೇಕು. "ಬಂದು ನೋಡ್ಕೊಂಡು ಹೋಗಿ" ಎನ್ನಬೇಕು. ಬಂದವರು ಹೊಸ್ತಿಲಲ್ಲಿ ನಿಂತು, ಹೊರಗೆ ಎಂಥ ಮಳೆ ಬೀಳುತ್ತಿದ್ದರೂ, "ಅಬ್ಬಾ, ಎಷ್ಟು ಬೆಳಕು!" ಎನ್ನಬೇಕು. ಆಮೇಲೆ ಕೂರಬಹುದು. ಕೂತವರನ್ನು ಯಾರೂ ಏಳಿಸುವುದಿಲ್ಲ. ಇಪ್ಪತ್ತೆರಡರಲ್ಲಿ ಕೂತ ಕ್ಲೆಮೆಂಟ್ ತಲೆಯ ಮೇಲಿನ ಬೂದುಬಣ್ಣದ ಆಕಾಶ ನೋಡುತ್ತ ಎರಡನೇ ಕಪ್ಪು ಕುಡಿಯುವಾಗ, ಇಡೀ ಯೋಜನೆ ತಾನಾಗಿ ನೀರಿನ ಹಾಗೆ ಏರಿ ಬಂದು ಅವನ ಗಲ್ಲ ಮುಟ್ಟಿತು.

ಭಾನುವಾರ ಫೋನು ಮಾಡಿದ ಮಗಳು ಹಿಲರಿಗೆ ಹೇಳಿದ.

"ಗಾಜಿನ ಕೋಣೇನಾ? ನಿನಗೆ ಯಾಕಪ್ಪಾ?"

"ಜೆರೇನಿಯಂ ಗಿಡ ಇಡೋಣ ಅಂತ."

"ನೀನು ಜೆರೇನಿಯಂ ಕಂಡ್ರೆ ಮೂಗು ಮುಚ್ಕೋತೀಯ."

"ಈಗ ಅಭ್ಯಾಸ ಆಗಿದೆ."

"ಅಪ್ಪಾ, ಅದರಲ್ಲಿ ಬೇಸಿಗೇಲಿ ಬೇಯ್ತಾರೆ, ಚಳೀಲಿ ಹೆಪ್ಪುಗಟ್ತಾರೆ. ನಮ್ಮತ್ತೆ ಮನೇದು ನೋಡಿಲ್ವಾ? ವರ್ಷಕ್ಕೆ ಮೂರು ವಾರ ಕೂತರೆ ಹೆಚ್ಚು. ಈಗ ಅದರಲ್ಲಿ ಇಸ್ತ್ರಿ ಮೇಜು ಇಟ್ಟಿದಾರೆ."

"ಹೀಟರ್ ಹಾಕಿಸ್ತೀನಿ."

"ಜೆರೇನಿಯಂಗೆ ಹೀಟರಾ?" ಎಂದಳು ಹಿಲರಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಏನಾದ್ರೂ ಮಾಡ್ಕೋ" ಎಂದಳು. ತಂದೆ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಾದಾಗ ಅವಳ ತಾಯಿಯೂ ಅಷ್ಟೇ ಹೊತ್ತು ಸುಮ್ಮನಿರುತ್ತಿದ್ದಳು.

ಗಾಜಿನ ಕೋಣೆಯ ಕಂಪನಿಯಿಂದ ಡ್ಯಾರನ್ ಎಂಬವನು ಬಂದ. ನಲವತ್ತು ದಾಟಿದ, ದುಂಡು ಮುಖದ, ಬೂಟು ಬಿಚ್ಚಿಡುವ ಸಂಭಾವಿತ. ಪುಸ್ತಿಕೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿ ಅವನು ಹಿತ್ತಲಿಗೆ ಹೋದ. ಮನೆಗೆ ಬೆನ್ನು ಹಾಕಿ ಹುಲ್ಲು ನೋಡಿದ, ಹುಲ್ಲಿಗೆ ಬೆನ್ನು ಹಾಕಿ ಮನೆ ನೋಡಿದ.

"ನಾವು ಆರಿಸೋದಲ್ಲ ಸಾರ್, ಮನೇನೇ ಹೇಳುತ್ತೆ" ಎಂದ.

"ಏನು ಹೇಳ್ತಿದೆ?"

"ಸಾವಿರದ ಒಂಬೈನೂರ ಮೂವತ್ತನಾಲ್ಕರ ಮನೆ, ಕೆಂಪು ಇಟ್ಟಿಗೆ, ನೇರ ಗೆರೆಗಳು. ಎಡ್ವರ್ಡಿಯನ್ ಕೊಡಿ ಅಂತಿದೆ. ಚೌಕ, ಅಚ್ಚುಕಟ್ಟು, ಮೂಲೆ ಮೂಲೆಗೂ ಕುರ್ಚಿ ಇಡಬಹುದು. ವಿಕ್ಟೋರಿಯನ್ ಬೇಕಂದ್ರೆ ಮುಂದುಗಡೆ ಐದು ಮುಖ ಬರುತ್ತೆ, ಮೇಲೆ ಕಿರೀಟ. ಚೆಂದವೇ, ಆದ್ರೆ ನಿಮ್ಮ ಮನೆಗೆ ಅದು ಮದುಮಗಳ ಟೋಪಿ ಹಾಕಿದ ಹಾಗಾಗುತ್ತೆ. ಗೇಬಲ್ ಅಂತ ಇದೆ, ಎದುರಿಗೆ ಚರ್ಚಿನ ಮುಖ ಇದ್ದ ಹಾಗೆ. ಭಾನುವಾರ ಜನ ಒಳಗೆ ಬಂದು ಮಂಡಿಯೂರಿದ್ರೆ ನನ್ನ ಕೇಳ್ಬೇಡಿ."

"ಇದು?" ಕ್ಲೆಮೆಂಟ್ ಕೊನೆಯ ಪುಟ ತೋರಿಸಿದ.

ಡ್ಯಾರನ್ ಮುಖ ಚಿಕ್ಕದಾಯಿತು. "ಅದು ಇಳಿಮಾಡು ಸಾರ್. ಮನೆ ಗೋಡೆಗೆ ಒರಗಿಸಿ ಒಂದೇ ಕಡೆ ಇಳಿಜಾರು. ಜಾಗ ಇಲ್ಲದೋರು ಹಾಕ್ಸೋದು. ಸೈಕಲ್ ಇಡೋಕೆ ಆಗುತ್ತೆ."

ಕ್ಲೆಮೆಂಟ್ ತಲೆಯಾಡಿಸಿ, ಬಹಳ ದಿನದಿಂದ ಸಿದ್ಧಮಾಡಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ. "ಮಳೆ ಬಂದಾಗ ಒಳಗೆ ಕೂತ ಇಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಾ?"

"ಪ್ಲಾಸ್ಟಿಕ್ ಮಾಡು ಹಾಕಿದ್ರೆ ಕೇಳಲ್ಲ. ತಮಟೆ ಬಡಿದ ಹಾಗಿರುತ್ತೆ. ಗಾಜಿನ ಮಾಡಾದ್ರೆ ಪಿಸುಮಾತೂ ಕೇಳುತ್ತೆ." ಡ್ಯಾರನ್ ಪೆನ್ನು ಎತ್ತಿದ. "ಇಬ್ಬರು ಅಂದ್ರೆ... ನೀವೊಬ್ಬರೇ ಅಂದ್ರಲ್ಲ?"

"ಯಾರಾದ್ರೂ ಬಂದ್ರೆ ಅಂತ."

"ಗಾಜಿನ ಮಾಡೇ ಬರ್ಕೋತೀನಿ" ಎಂದ ಡ್ಯಾರನ್, ಮನೆ ಹೇಳಿದ್ದನ್ನಲ್ಲದೆ ಮನೆಯವರು ಹೇಳದ್ದನ್ನೂ ಕೇಳಿಸಿಕೊಳ್ಳಬಲ್ಲವನು. "ಪಕ್ಕದ ಮನೆ ಕಡೆಗೆ ಮಂಜುಗಾಜು ಬರುತ್ತೆ ಸಾರ್. ಬೆಳಕು ಬರುತ್ತೆ, ಆಳು ಕಾಣಲ್ಲ. ಎಲ್ಲರಿಗೂ ಹಾಗೇ ಹಾಕೋದು, ಪಕ್ಕದವರಿಗೆ ಮುಜುಗರ ಆಗ್ಬಾರ್ದಲ್ಲ."

ಮುಜುಗರ ಯಾರಿಗೂ ಆಗಬಾರದೆಂದು ಕ್ಲೆಮೆಂಟ್ ಒಪ್ಪಿಕೊಂಡ.

ಏಪ್ರಿಲ್ ಬಂತು. ಗಡಿಯಾರಗಳು ಮುಂದಕ್ಕೆ ಹೋಗಿದ್ದವು, ಟೀ ಮತ್ತೆ ಬೇಲಿಗೆ ಬಂದಿತ್ತು. ಆದರೆ ಗಾಜಿನ ಕೋಣೆಯ ಸುದ್ದಿಯನ್ನು ಅವನು ಥೆಲ್ಮಾಗೆ ಹೇಳಿರಲಿಲ್ಲ. ಎಲ್ಲ ಸಿದ್ಧವಾದ ಮೇಲೆ ಒಂದೇ ಸಲ "ಬಂದು ನೋಡಿ" ಎನ್ನುವ ಆಸೆ. ಆಕೆ ವಾರದ ಸಂತೆಗೆ ಹೋದ ಒಂದು ಮಂಗಳವಾರ ಮಧ್ಯಾಹ್ನ ಅವನು ಗೂಟ ಹೊಡೆದು, ಅವರೆಬಳ್ಳಿಗೆ ಕಟ್ಟುವ ಹಸಿರು ದಾರ ಎಳೆದು, ಹುಲ್ಲಿನ ಮೇಲೆ ಮೂರು ಮಾದರಿಗಳನ್ನೂ ಒಂದರೊಳಗೊಂದು ಬರೆದ. ಅಡುಗೆಮನೆಯಿಂದ ಒಂದು ಕುರ್ಚಿ ತಂದು ಮೊದಲು ವಿಕ್ಟೋರಿಯನ್ನಿನೊಳಗೆ ಕೂತ.

ಆ ಸೀಮೆಯಲ್ಲಿ ನೆಲ ಕಡಿಮೆ, ಆಕಾಶ ಹೆಚ್ಚು. ಗುಡ್ಡವಿಲ್ಲ, ಬೆಟ್ಟವಿಲ್ಲ, ಮೋಡಗಳು ಸಮುದ್ರದ ಕಡೆಯಿಂದ ಯಾರ ಅಪ್ಪಣೆಯೂ ಇಲ್ಲದೆ ತೇಲಿ ಬಂದು ಮನೆಗಳ ಹೆಂಚು ಸವರಿ ಹೋಗುತ್ತವೆ. ದೂರದ ಹೊಲಗಳಲ್ಲಿ ಟ್ಯುಲಿಪ್ ಅರಳಿತ್ತು. ಗಾಳಿಯಲ್ಲಿ ಅದರ ಹಸಿ ವಾಸನೆ. ಕ್ಲೆಮೆಂಟ್ ಕಣ್ಣು ಅರೆ ಮುಚ್ಚಿದ. ದಾರದಗುಂಟ ಗಾಜು ಏಳತೊಡಗಿತು. ಕಾಲುವೆಯಲ್ಲಿ ನೀರು ಏರುವ ಹಾಗೆ, ಸದ್ದಿಲ್ಲದೆ, ಅಂಗುಲ ಅಂಗುಲ. ಪಾದ ದಾಟಿತು, ಮೊಣಕಾಲು ದಾಟಿತು. ಅವನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಬರೆದುಕೊಂಡ: ಒಂದಡಿ ಮೂರು, ಎರಡಡಿ ಏಳು. ಗಾಜು ಭುಜಕ್ಕೆ ಬಂದಾಗ ಹಕ್ಕಿಗಳ ದನಿ ತೆಳುವಾಯಿತು. ತಲೆಯ ಮೇಲೆ ಕೂಡಿಕೊಂಡಾಗ ಲೋಕ ಆಚೆಗೇ ಉಳಿಯಿತು, ಬೆಳಕೊಂದೇ ಒಳಗೆ ಬಂತು. ಐದು ಮುಖಗಳಿಂದ ಐದು ಬಗೆಯ ಮಧ್ಯಾಹ್ನ. ಒಂದರಲ್ಲಿ ಸೇಬಿನ ಗಿಡ ಹೂಬಿಟ್ಟಿತ್ತು, ಇನ್ನೊಂದರಲ್ಲಿ ಅದೇ ಗಿಡ ಎಲೆ ಉದುರಿಸಿತ್ತು. ಮತ್ತೊಂದರಲ್ಲಿ ಹಿಮ ಬೀಳುತ್ತಿತ್ತು, ಆದರೆ ಚಳಿಯಿರಲಿಲ್ಲ. ಎದುರಿಗೆ ಇನ್ನೊಂದು ಕುರ್ಚಿ. ಅವನು ತಂದದ್ದಲ್ಲ. ಕುರ್ಚಿಯಲ್ಲಿ ಯಾರೂ ಇಲ್ಲ. ತೋಳಿನ ಮೇಲೆ ನೀಲಿ ಅಂಚಿನ ಕಪ್ಪು, ಅದರಿಂದ ಹಬೆ ನೇರವಾಗಿ ಮೇಲೇರುತ್ತಿತ್ತು.

ವಿಕ್ಟೋರಿಯನ್ನಿನಲ್ಲಿ ಆ ಕುರ್ಚಿಯ ಮೊಣಕಾಲು ಇವನ ಮೊಣಕಾಲಿಗೆ ತಾಕುವಷ್ಟು ಹತ್ತಿರವಿತ್ತು. ಅದು ಸರಿಯಲ್ಲವೆನ್ನಿಸಿ ಅವನು ಎದ್ದು ಎಡ್ವರ್ಡಿಯನ್ನಿಗೆ ಬದಲಾಯಿಸಿದ. ಇಲ್ಲಿ ಅದು ಮೂಲೆಯಲ್ಲಿ ಮರ್ಯಾದೆಯಿಂದ ಕೂತಿತ್ತು. ಗೇಬಲ್ಲಿನಲ್ಲಿ ಎರಡು ಕುರ್ಚಿಗಳೂ ಏನೋ ಪ್ರಾರ್ಥನೆಗೆ ಕಾಯುತ್ತಿರುವಂತೆ ಒಂದೇ ದಿಕ್ಕಿಗೆ ನೋಡುತ್ತಿದ್ದವು. ಎಡ್ವರ್ಡಿಯನ್ನೇ ಸರಿ ಎಂದುಕೊಂಡು ಮತ್ತೆ ಅಲ್ಲಿಗೆ ಬಂದು ಕೂತ. ಹಬೆಯ ಹಿಂದೆ ಮುಖವೊಂದು ಮೂಡುವುದರಲ್ಲಿತ್ತು.

"ಏನ್ರೀ ಇದು, ಕ್ಲೆಮೆಂಟ್? ನಿಮ್ಮನ್ನ ಹೂಳೋಕೆ ನೀವೇ ಜಾಗ ಅಳೀತಿದ್ದೀರಾ?"

ಗಾಜು ಪಟ್ಟನೆ ಇಳಿದುಹೋಯಿತು. ಬೇಲಿಯ ಮೇಲೆ ನಿಜವಾದ ಕಪ್ಪು, ನಿಜವಾದ ಥೆಲ್ಮಾ. ನಾಲ್ಕು ಗಂಟೆಯಾಗಿತ್ತು.

"ಅಷ್ಟು ದೊಡ್ಡ ಹೊಂಡ ಯಾಕೆ ಬೇಕು ನನಗೆ" ಎಂದ ಕ್ಲೆಮೆಂಟ್, ಎದ್ದು ಬರುತ್ತ.

"ಕುರ್ಚಿ ಸಮೇತ ಹೋಗೋದಾದ್ರೆ ಬೇಕು."

ಇನ್ನು ಮುಚ್ಚಿಡುವ ಹಾಗಿರಲಿಲ್ಲ. "ಗಾಜಿನ ಕೋಣೆ ಹಾಕ್ಸೋಣ ಅಂತ."

"ಹೌದಾ!" ಎಂದಳು ಥೆಲ್ಮಾ. ಮುಖ ಅರಳಿತ್ತು. "ಯಾವ ಥರದ್ದು?"

"ಎಡ್ವರ್ಡಿಯನ್. ಮನೇಗೆ ಅದೇ ಒಪ್ಪೋದಂತೆ."

ಥೆಲ್ಮಾ ದಾರವನ್ನು ಕಣ್ಣಿನಲ್ಲೇ ಹಿಂಬಾಲಿಸಿದಳು. ಅದು ಮನೆಯ ಗೋಡೆಯಿಂದ ಹೊರಟು, ಬೇಲಿಯ ಬುಡಕ್ಕೆ ಅಂಟಿಕೊಂಡೇ ಬಂದು, ಉಂಗುರ ಮೂಡಿದ ಕಂಬವನ್ನು ದಾಟಿ, ಇನ್ನೂ ನಾಲ್ಕಡಿ ಮುಂದೆ ಹೋಗಿ ತಿರುಗಿತ್ತು.

"ಈ ಕಡೆ ಗೋಡೆ ಬರುತ್ತಾ?"

"ಗಾಜೇ. ಮಂಜುಗಾಜು. ನಿಮಗೆ ತೊಂದರೆ ಆಗ್ಬಾರ್ದು ಅಂತ."

"ನನಗೇನು ತೊಂದರೆ" ಎಂದಳು ಥೆಲ್ಮಾ. ಆಮೇಲೆ, "ಚೆನ್ನಾಗಿರುತ್ತೆ ಬಿಡಿ. ಯಾರ ಕಾಟಾನೂ ಇಲ್ದೆ ಕೂರ್ಬಹುದು." ಮತ್ತೆ, "ಗಾಳಿ ಎದ್ದಿದೆ" ಎಂದು ಒಳಗೆ ಹೋದಳು. ಗಾಳಿ ಎದ್ದಿರಲಿಲ್ಲ. ಕಪ್ಪನ್ನು ವಾಪಸು ಇಸಿದುಕೊಳ್ಳದೆ ಹೋದದ್ದು ಆರು ವರ್ಷದಲ್ಲಿ ಅದೇ ಮೊದಲು.

ಮರುದಿನ ಟೀ ಬಂತು, ಆದರೆ ದಪ್ಪ ಮಗ್ಗಿನಲ್ಲಿ, ಸಾಸರಿಲ್ಲದೆ. ಮನೆ ರಿಪೇರಿಗೆ ಬಂದ ಕೆಲಸಗಾರರಿಗೆ ಕೊಡುವಂಥ ಮಗ್ಗು. ಒಣದ್ರಾಕ್ಷಿ ಬ್ರೆಡ್ಡಿನ ಬದಲು ಅಂಗಡಿಯ ಬಿಸ್ಕತ್ತು. ಇಂಗ್ಲಿಷರ ನಡುವೆ ಇದಕ್ಕಿಂತ ದೊಡ್ಡ ಜಗಳ ಸಾಧ್ಯವಿಲ್ಲ. ಮೂರನೆಯ ದಿನ ಆಕೆ ಕಿಟಕಿಯಿಂದಲೇ, "ಸ್ವಲ್ಪ ನೆಗಡಿ. ನಿಮಗೆ ಅಂಟಬಾರ್ದು" ಎಂದು ಕೂಗಿದಳು. ನೆಗಡಿ ವಾಸಿಯಾಗಲೇ ಇಲ್ಲ. ಗೋಡೆಯಾಚೆ ಒಂದು ಸೀನೂ ಕೇಳಿಸಲಿಲ್ಲ.

ಕ್ಲೆಮೆಂಟನಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ. ಹಿತ್ತಲಿಗೆ ಹೋಗಿ ನಿಂತ. ಎಡ್ವರ್ಡಿಯನ್ ನೋಡಿದ, ವಿಕ್ಟೋರಿಯನ್ ನೋಡಿದ, ಗೇಬಲ್ ನೋಡಿದ. ಮೂರೂ ಬೇಲಿಯನ್ನು ಅಪ್ಪಿಕೊಂಡೇ ಬರುತ್ತಿದ್ದವು. ಯಾವುದನ್ನು ಆರಿಸಿದರೂ ಆ ಕಂಬ ಮಂಜುಗಾಜಿನ ಹಿಂದೆ ಬೀಳುತ್ತಿತ್ತು. ಚಳಿಗಾಲದ ಐದು ತಿಂಗಳನ್ನು ಗೆಲ್ಲಲು ಹೊರಟವನು ಬೇಸಿಗೆಯ ಏಳು ತಿಂಗಳನ್ನು ತಾನಾಗಿ ದಾರ ಹಿಡಿದು ಕತ್ತರಿಸಿ ಹಾಕಿದ್ದ. ಇದು ಹೊಳೆಯಲು ಅವನಿಗೆ ಐದು ದಿನ ಬೇಕಾಯಿತು. ಹೊಳೆದ ಮೇಲೆ ಪಕ್ಕದ ಬಾಗಿಲು ತಟ್ಟಿ, "ಥೆಲ್ಮಾ, ಇದನ್ನೆಲ್ಲ ಮಾಡ್ತಿರೋದು ನಿಮ್ಮನ್ನ ಕರೆಯೋಕೇ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತನ್ನು ಸ್ನಾನದ ಕೋಣೆಯಲ್ಲಿ ಎರಡು ಬಾರಿ ಹೇಳಿ ನೋಡಿದ. ಎರಡು ಬಾರಿಯೂ ಮದುವೆಯ ಪ್ರಸ್ತಾಪದಂತೆ ಕೇಳಿಸಿತು. ಬಿಟ್ಟುಬಿಟ್ಟ.

ಅಷ್ಟರಲ್ಲಿ ಕಂಪನಿಯಿಂದ ಒಂದು ಲಕೋಟೆ ಬಂತು. ಬೇಲಿಯ ಪಕ್ಕ ಪಾಯ ತೋಡುವುದಾದರೆ ನೆರೆಯವರಿಗೆ ನೋಟೀಸು ಕೊಡಬೇಕು, ಅವರು ಹದಿನಾಲ್ಕು ದಿನದೊಳಗೆ ಬರವಣಿಗೆಯಲ್ಲಿ ಒಪ್ಪಬೇಕು, ಅದು ಕಾನೂನು. ನಮೂನೆಯಲ್ಲಿ ಎರಡು ಚೌಕಗಳಿದ್ದವು: ಒಪ್ಪಿದೆ, ಒಪ್ಪಿಲ್ಲ. ಕೆಳಗೆ ಎರಡು ಗೆರೆ ಖಾಲಿ: ಇತರ ವಿಷಯಗಳು. ಕ್ಲೆಮೆಂಟ್ ಅದನ್ನು ಮಡಿಸಿ, ಕೋಟು ಹಾಕಿಕೊಂಡು, ಹದಿನಾಲ್ಕರ ಗೇಟು ದಾಟಿ, ರಸ್ತೆಗಿಳಿದು, ಹದಿನಾರರ ಗೇಟು ತೆರೆದು, ಬಾಗಿಲಿನ ಅಂಚೆಕಂಡಿಯಲ್ಲಿ ತಳ್ಳಿ ಬಂದ. ಗೋಡೆಯಾಚೆ ಕಾಗದ ನೆಲಕ್ಕೆ ಬಿದ್ದ ಸದ್ದು ಕೇಳಿದ್ದು ಅವನು ತನ್ನ ಮನೆಗೆ ಮರಳಿದ ಮೇಲೆ ಎಂದೇ ಅವನ ನೆನಪು. ಅದು ಸಾಧ್ಯವಿಲ್ಲ, ಆದರೂ ಹಾಗೇ ನೆನಪು.

ಆ ದಿನಗಳಲ್ಲಿ ಅವನು ಮಧ್ಯಾಹ್ನ ನಿದ್ದೆ ಹೋದರೆ ಗಾಜಿನ ಕೋಣೆಯೇ ಕನಸು. ಎಡ್ವರ್ಡಿಯನ್ ಒಂದು ಕಾಲುವೆಯ ಮೇಲೆ ನಿಧಾನ ತೇಲಿಹೋಗುತ್ತಿರುತ್ತದೆ, ಒಳಗೆ ದೀಪ ಹಚ್ಚಿದೆ, ಮೇಜಿನ ಮೇಲೆ ಬ್ರೆಡ್ಡು ಹೆಚ್ಚಿಟ್ಟಿದೆ. ಅವನು ದಂಡೆಯ ಮೇಲೆ ಅದರ ಜೊತೆಜೊತೆಗೆ ನಡೆಯುತ್ತಾನೆ. ಎಲ್ಲ ಕಡೆಯಿಂದಲೂ ಒಳಗೆ ಕಾಣುತ್ತದೆ, ಒಳಗೆ ಹೋಗಲು ಮಾತ್ರ ಎಲ್ಲೂ ಆಗುವುದಿಲ್ಲ. ಯಾಕೆಂದು ಕನಸಿನಲ್ಲಿ ಅವನಿಗೆ ತಿಳಿಯುತ್ತಿರಲಿಲ್ಲ.

ಹದಿಮೂರನೆಯ ದಿನ ಅವನ ಅಂಚೆಕಂಡಿ ಟಪ್ಪೆಂದಿತು. ಅದೇ ನಮೂನೆ. "ಒಪ್ಪಿದೆ" ಎಂಬಲ್ಲಿ ಗುರುತು. ಕೆಳಗೆ ಸಹಿ. ಇತರ ವಿಷಯಗಳ ಎರಡು ಗೆರೆಗಳಲ್ಲಿ, ಶಾಲೆಯ ಅಡುಗೆಮನೆಯ ಗೋಡೆಗೆ ಇವತ್ತಿನ ಊಟ ಏನೆಂದು ಬರೆದು ಅಂಟಿಸುತ್ತಿದ್ದ ದುಂಡು ಅಕ್ಷರದಲ್ಲಿ, ಒಂದೇ ಸಾಲು:

ಬಾಗಿಲು ಯಾವ ಕಡೆ?

ಕ್ಲೆಮೆಂಟ್ ನಿಂತಲ್ಲೇ ಎರಡು ಸಲ ಓದಿದ. ಆಮೇಲೆ ನಾಲ್ಕೂ ಪುಸ್ತಿಕೆಗಳನ್ನು ತೆಗೆದು ಪುಟ ತಿರುವಿದ. ವಿಕ್ಟೋರಿಯನ್, ಎಡ್ವರ್ಡಿಯನ್, ಗೇಬಲ್, ಬಿಳಿ, ಕಂದು, ಕಿರೀಟವಿದ್ದದ್ದು, ಇಲ್ಲದ್ದು. ಎಲ್ಲದರಲ್ಲೂ ಬಾಗಿಲು ಹುಲ್ಲಿನ ಕಡೆಗೇ ತೆರೆದಿತ್ತು. ಬಾಗಿಲಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಮನೆಯ ಒಳಗಿನಿಂದಲೇ ಬಂದು ನಿಂತಿದ್ದಳು. ಬೇರೆ ಮನೆಯಿಂದ ಬರುವವಳು ಯಾವ ಪುಟದಲ್ಲೂ ಇರಲಿಲ್ಲ.

ಡ್ಯಾರನ್‌ಗೆ ಫೋನು ಮಾಡಿದ.

"ಬಾಗಿಲು ಎಡಗಡೆ ಬೇಕು. ಬೇಲಿ ಕಡೆಗೆ."

"ಬೇಲಿ ಕಡೆಗಾ? ಬಾಗಿಲು ತೆಗೆದ್ರೆ ಬೇಲಿ ಮುಖಕ್ಕೆ ಹೊಡೆಯುತ್ತೆ ಸಾರ್."

"ಬೇಲಿಯಿಂದ ಮೂರಡಿ ಬಿಟ್ಟು ಕಟ್ಟಿ."

"ಮೂರಡಿ ಬಿಟ್ರೆ ಎಡ್ವರ್ಡಿಯನ್ ಹಿಡಿಯಲ್ಲ. ಬಲಗಡೆ ನಿಮ್ಮ ಚರಂಡಿ ಮುಚ್ಚಳ ಬೇರೆ ಇದೆ. ಯಾವುದೂ ಹಿಡಿಯಲ್ಲ." ಡ್ಯಾರನ್ ಸಾವಿನ ಸುದ್ದಿ ಹೇಳುವವನ ದನಿಯಲ್ಲಿ, "ಇಳಿಮಾಡು ಒಂದು ಹಿಡಿಯುತ್ತೆ" ಎಂದ.

"ಅದೇ ಹಾಕಿ."

"ಸಾರ್, ಮನೇಗೆ ಒಪ್ಪಲ್ಲ. ನಾನು ಅವತ್ತೇ ಹೇಳಿದೆ, ಮನೇನೇ ಹೇಳುತ್ತೆ."

"ಯಾವ ಮನೆ ಹೇಳ್ತಿದೆ ಅನ್ನೋದರ ಮೇಲಿದೆ" ಎಂದ ಕ್ಲೆಮೆಂಟ್. "ಮಂಜುಗಾಜೂ ಬೇಡ. ಆಳು ಕಾಣೋ ಗಾಜು ಹಾಕಿ."

ಆಚೆಯಿಂದ ಪೆನ್ನು ಗೀಚುವ ಸದ್ದು ಬಂತು. "ಗಾಜಿನ ಮಾಡು ಹಾಗೇ ಇರಲಿ ತಾನೇ?" ಎಂದ ಡ್ಯಾರನ್ ಕೊನೆಗೆ. "ಪಿಸುಮಾತು ಕೇಳೋದು."

"ಹಾಗೇ ಇರಲಿ."

ಒಂದು ತೊಡಕು ಉಳಿಯಿತು. ಬಾಗಿಲೇನೋ ಎಡಕ್ಕೆ ಬರುತ್ತದೆ. ಬೇಲಿ ನಡುವೆ ಇದೆಯಲ್ಲ. ಇಪ್ಪತ್ತಾರು ವರ್ಷದಲ್ಲಿ ಕ್ಲೆಮೆಂಟ್ ಆ ಬೇಲಿಗೆ ಒಂದು ಮೊಳೆ ಹೊಡೆದವನಲ್ಲ, ಒಂದು ಕೈ ಬಣ್ಣ ಬಳಿದವನಲ್ಲ. ಅದು ಗಾಂಟ್ ಅವರದು. ಇನ್ನೊಬ್ಬರ ಬೇಲಿ ಮುಟ್ಟುವುದು ಆ ಊರಿನಲ್ಲಿ ಇನ್ನೊಬ್ಬರ ಹಲ್ಲು ಮುಟ್ಟಿದ ಹಾಗೆ. ಮಳೆ ತಿಂದು ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು, ಎರಡು ಹಲಗೆ ಜೋತುಬಿದ್ದಿದ್ದವು. ಪಾಪ, ವಿಧವೆಗೆ ಕೈಲಾಗುವುದಿಲ್ಲ ಎಂದು ಅವನು ನೋಡಿಯೂ ನೋಡದಂತಿದ್ದ. ಈಗ ಅದೇ ನಮೂನೆಯ ಹಿಂಬದಿಯಲ್ಲಿ ಬರೆದ: "ನಿಮ್ಮ ಕಡೆ. ನಿಮ್ಮ ಬೇಲಿಯ ಒಂದು ಭಾಗ ತೆಗೆಯಲು ದಯವಿಟ್ಟು ಅನುಮತಿ ಕೊಡಬೇಕು. ಕಂಬ ಹಾಗೇ ಇರಲಿ." ಕೋಟು ಹಾಕಿಕೊಂಡು ಹೋಗಿ ಅಂಚೆಕಂಡಿಯಲ್ಲಿ ತಳ್ಳಿದ.

ತನ್ನ ಬಾಗಿಲಿಗೆ ಮರಳಿ ಕೋಟು ಬಿಚ್ಚುವುದರೊಳಗೆ ಕರೆಗಂಟೆ ಸದ್ದಾಯಿತು. ಥೆಲ್ಮಾ ನಿಂತಿದ್ದಳು. ಕೈಯಲ್ಲಿ ಕಾಗದ, ಕಾಲಲ್ಲಿ ಮನೆಯ ಚಪ್ಪಲಿ, ಕೂದಲ ಮೇಲೆ ಸಣ್ಣ ತುಂತುರು. ಆ ಬಾಗಿಲಲ್ಲಿ ಆಕೆಯನ್ನು ಅವನು ಕಂಡದ್ದು ಡೋರೀನ್ ತೀರಿಕೊಂಡ ದಿನ ಬಿಟ್ಟರೆ ಇದೇ.

"ನನ್ನ ಬೇಲೀನಾ?" ಎಂದಳು.

"ನಿಮ್ಮದೇ ಅಲ್ವಾ?"

"ನಿಮ್ದಲ್ವೇನ್ರೀ ಅದು! ನಮ್ಮವರು ಇದ್ದಾಗ ಹೇಳ್ತಿದ್ರು, ಬೇಲಿ ಮಾವರ್ ಅವರದು, ನೀನು ಬಟ್ಟೆ ಕೂಡ ಒಣಗ್ಹಾಕಬೇಡ ಅಂತ."

"ನಾನು ನಿಮ್ಮದು ಅಂತ ಒಂದು ಮೊಳೇನೂ ಹೊಡೀಲಿಲ್ಲ."

"ಅಯ್ಯೋ ದೇವರೇ. ನಾನು ಅಂದ್ಕೋತಿದ್ದೆ, ಇವರಿಗೇನು, ಮೂವತ್ತೆಂಟು ವರ್ಷ ನೀರು ಅಳೆದ ಮನುಷ್ಯ, ಒಂದು ಡಬ್ಬ ಬಣ್ಣ ತರೋಕೆ ಮನಸ್ಸಿಲ್ವಲ್ಲ ಅಂತ."

"ನೀವು ಹೇಳ್ಬಹುದಿತ್ತು."

"ಹೇಗ್ರೀ ಹೇಳೋದು? ನಿಮ್ಮ ಬೇಲಿ!"

ಕ್ಲೆಮೆಂಟನಿಗೆ ನಗು ಬಂತು. ನಗಬಾರದೆಂದುಕೊಂಡ. ಆದರೆ ಥೆಲ್ಮಾ ಆಗಲೇ ಬಾಗಿಲ ಚೌಕಟ್ಟಿಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿದ್ದ ನಮೂನೆಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಇಪ್ಪತ್ತಾರು ವರ್ಷ ಇಬ್ಬರೂ ಇನ್ನೊಬ್ಬರದೆಂದು ಮರ್ಯಾದೆ ಕೊಟ್ಟು ಕಾಪಾಡಿದ ಬೇಲಿ, ಯಾರದೂ ಅಲ್ಲದೆ, ಮಳೆಯಲ್ಲಿ ಒಂದು ಕಡೆ ವಾಲಿ ನಿಂತಿತ್ತು.

ತುಂತುರು ಜೋರಾಯಿತು. ಕ್ಲೆಮೆಂಟ್ ಗಂಟಲು ಸರಿಮಾಡಿಕೊಂಡ. ಸ್ನಾನದ ಕೋಣೆಯಲ್ಲಿ ಹೇಳಿ ನೋಡಿದ್ದ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿ ಅಳತೆಪಟ್ಟಿ ನೋಡಿದಂತೆ ನಿಂತಿತು. "ಒಳಗೆ..." ಎಂದ.

"ಈಗ ಕರೀಬೇಡಿ" ಎಂದಳು ಥೆಲ್ಮಾ ಕಣ್ಣೊರೆಸಿಕೊಳ್ಳುತ್ತ. "ಏನು ಕಾರಣ ಹೇಳ್ಕೊಂಡು ಬರ್ಲಿ? ಬಾಗಿಲು ಆಗ್ಲಿ. ನೋಡೋಕೆ ಬರ್ತೀನಿ."

ಹೋಗುವ ಮುಂಚೆ ತಿರುಗಿ, "ನೆಗಡಿ ವಾಸಿಯಾಯ್ತು" ಎಂದಳು. ಅಂದು ನಾಲ್ಕು ಗಂಟೆಗೆ ಮಳೆಯಲ್ಲೇ, ಕೊಡೆ ಹಿಡಿದು, ನೀಲಿ ಅಂಚಿನ ಕಪ್ಪು ಕಂಬಕ್ಕೆ ಮರಳಿತು.

ಕೆಲಸಗಾರರು ಸೆಪ್ಟೆಂಬರಿನಲ್ಲಿ ಬಂದು, ಕಂಬದ ಪಕ್ಕ ಬೇಲಿಯ ಒಂದು ಭಾಗವನ್ನೂ ತೆಗೆದು, ನಾಲ್ಕೇ ದಿನದಲ್ಲಿ ಮುಗಿಸಿ ಹೋದರು. ಬೇಸಿಗೆಯ ಕೊನೆಯಾದ್ದರಿಂದ ಟೀ ಇನ್ನೂ ಬೇಲಿಯಲ್ಲೇ ನಡೆಯುತ್ತಿತ್ತು. ಇಬ್ಬರೂ ಹೊಸ ಕೋಣೆಯತ್ತ ಕಣ್ಣು ಹಾಯಿಸುತ್ತಿದ್ದರು, ಅದರ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರಗಳು ಹಿಂದಕ್ಕೆ ಹೋದವು. ಸೋಮವಾರ ಕ್ಲೆಮೆಂಟ್ ಮೂರೂವರೆಗೇ ಹೀಟರು ಹಾಕಿ, ಎರಡು ಬೆತ್ತದ ಕುರ್ಚಿಗಳನ್ನು ಮೊಣಕಾಲು ತಾಕದಷ್ಟು ದೂರದಲ್ಲಿಟ್ಟು ಕೂತ. ಹೊರಗೆ ಹುಲ್ಲು ನೀಲಿಯಾಗುತ್ತಿತ್ತು. ಸೇಬಿನ ಗಿಡದ ಕೊನೆಯ ಎಲೆಗಳು ಗಾಳಿಯಿಲ್ಲದೆ ಒಂದೊಂದಾಗಿ ಇಳಿಯುತ್ತಿದ್ದವು. ದೂರದ ಹೊಲಗಳಿಂದ ಮಂಜು ಎದ್ದು, ಕಾಲುವೆ ದಾಟಿ, ಹಿತ್ತಲಿಗೆ ಬಂದು, ಗಾಜಿನ ಹೊರಗೆ ಮೊಣಕಾಲ ಮಟ್ಟಕ್ಕೆ ನಿಂತಿತು. ಎರಡಡಿ ಒಂದು, ಎಂದು ಅವನ ಮನಸ್ಸು ಬರೆದುಕೊಂಡಿತು. ಗೋಡೆಯಾಚೆ ಕೆಟಲ್ಲು ಕುದಿಯಿತು. ಕುರ್ಚಿ ಎಳೆದ ಸದ್ದು ಬರಲಿಲ್ಲ.

ಬೇಲಿಯ ತೆರಪಿನಲ್ಲಿ, ಕಂಬದ ಪಕ್ಕದಿಂದ, ಥೆಲ್ಮಾ ಮಂಜಿನ ಮೇಲೆ ತೇಲಿ ಬಂದಂತೆ ಬಂದಳು. ಎರಡು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಪ್ಪು. ಮೊಣಕೈಯಿಂದ ಬಾಗಿಲು ತಳ್ಳಿ ಹೊಸ್ತಿಲಲ್ಲಿ ನಿಂತಳು. ಹೊರಗೆ ಬೆಳಕು ಎಂಬುದು ಹೆಸರಿಗೂ ಉಳಿದಿರಲಿಲ್ಲ.

"ಅಬ್ಬಾ, ಎಷ್ಟು ಬೆಳಕು!" ಎಂದಳು. ಆಮೇಲೆ ಕೂತಳು.

ಗಾಜಿನ ಕೋಣೆ ಇಳಿಮಾಡಿನದು. ಹತ್ತಡಿ ಉದ್ದ, ಏಳಡಿ ಅಗಲ, ಬಿಳಿ ಬಣ್ಣ. ಮನೆಗೆ ಒಪ್ಪುವುದಿಲ್ಲ. ಬಾಗಿಲು ಎಡಕ್ಕಿದೆ.